ಮೆಹರುನ್ನಿಸಾ ಸಿಸ್ಟರ್ ಹಾಕದ ಸಹಿ

ಸಿಂದಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆಳಗಿನ ಪಾಳಿ ಶುರುವಾಗುವುದು ಎಂಟು ಗಂಟೆಗೆ. ಮೆಹರುನ್ನಿಸಾ ಸಿಸ್ಟರ್ ಬರುವುದು ಏಳೂವರೆಗೆ. ಬಂದವರೇ ಬುರ್ಖಾ ಕಳಚಿ ಗೂಟಕ್ಕೆ ಹಾಕಿ, ಬಿಳಿ ಕೋಟು ತೊಟ್ಟು, ಕೈ ತೊಳೆದುಕೊಂಡು ವಾರ್ಡಿಗೆ ನಡೆಯುತ್ತಾರೆ. ಮೊದಲನೆಯ ಕಾಟಿನಿಂದ ಇಪ್ಪತ್ತೆರಡನೆಯ ಕಾಟಿನವರೆಗೆ ಪ್ರತಿ ರೋಗಿಯ ಹೊದಿಕೆಯ ತುದಿ ಎತ್ತಿ, ಪಾದ ಮುಟ್ಟಿ ನೋಡುತ್ತಾರೆ. ಹೊಸದಾಗಿ ಬಂದವರಿಗೆ ಇದು ಮುಜುಗರ. ತಮ್ಮ ಕಾಲನ್ನು ಹಿರಿಯ ಹೆಂಗಸೊಬ್ಬಳು ಮುಟ್ಟುವುದೇ ಎಂದು ಮುದುಕರು ಕಾಲು ಹಿಂದೆಳೆದುಕೊಳ್ಳುತ್ತಾರೆ.

"ಬಿಡವ್ವಾ, ನನ್ನ ಕಾಲ ಯಾಕ ಮುಟ್ತಿ?"

"ಬಿಸಿ ಅದಾವೋ ತಣ್ಣಗ ಅದಾವೋ ನೋಡಾಕತ್ತೇನ್ರಿ. ಸುಮ್ಮ ಮಲಗ್ರಿ."

ಪಾದ ತಣ್ಣಗಿದ್ದರೆ ರಕ್ತದ ಓಟ ಕುಂದುತ್ತಿರಬಹುದು. ಬಾವು ಬಂದಿದ್ದರೆ ಗುಂಡಿಗೆಯದೋ ಮೂತ್ರಪಿಂಡದ್ದೋ ತಕರಾರು ಇರಬಹುದು. ಹಿಮ್ಮಡಿ ಕೆಂಪಾಗಿದ್ದರೆ ಆ ಮನುಷ್ಯ ಬಹಳ ಹೊತ್ತು ಒಂದೇ ಮಗ್ಗಲಲ್ಲಿ ಬಿದ್ದುಕೊಂಡಿದ್ದಾನೆಂದು ಅರ್ಥ. ಇಪ್ಪತ್ತೆರಡು ಕಾಟು ಮುಗಿಸಲು ಅವರಿಗೆ ಹದಿನೈದು ನಿಮಿಷ ಸಾಕು. ಎಂಟಕ್ಕೆ ರಾತ್ರಿಪಾಳಿಯ ಹುಡುಗಿಯರು ವರದಿ ಒಪ್ಪಿಸುವಷ್ಟರಲ್ಲಿ ಇವತ್ತು ಯಾರ ಕಡೆ ಹೆಚ್ಚು ಲಕ್ಷ್ಯ ಕೊಡಬೇಕೆಂಬುದು ಅವರಿಗೆ ಗೊತ್ತಾಗಿರುತ್ತದೆ.

ಮೆಹರುನ್ನಿಸಾ ಇಂಡಿ ತಾಲೂಕಿನ ಸಾಲೋಟಗಿಯವರು. ತಂದೆ ಇಬ್ರಾಹಿಂಸಾಬ ಊರಿನಲ್ಲಿ ಅಂಗಿ ಹೊಲಿಯುವವರು. ಮಗಳು ಹತ್ತನೆಯ ಇಯತ್ತೆ ಪಾಸಾದಾಗ ಅವರೇ ವಿಜಯಪುರಕ್ಕೆ ಕರೆದೊಯ್ದು ನರ್ಸಿಂಗ್ ಶಾಲೆಗೆ ಹಚ್ಚಿದರು. ತಾಯಿ ರಮಜಾನಬಿ ಎರಡು ದಿನ ಒಲೆ ಹಚ್ಚಲಿಲ್ಲ. ಕಂಡವರ ಮೈ ಮುಟ್ಟುವ ಕೆಲಸಕ್ಕೆ ಮಗಳನ್ನು ಕಳಿಸುವುದೇ ಎಂಬುದು ಅವರ ಸಿಟ್ಟು. ಇಬ್ರಾಹಿಂಸಾಬ ಹೆಂಡತಿಗೆ ಹೇಳಿದ್ದು ಇಷ್ಟೇ: "ನಾನೂ ಮಂದಿ ಮೈ ಮುಟ್ಟೇ ಅಳತಿ ತಗೋತೇನಿ. ಅಂಗಿ ಬರೋಬ್ಬರಿ ಆದ್ರ ಯಾರೂ ಏನೂ ಅನ್ನಂಗಿಲ್ಲ."

ಮೊದಲ ನೌಕರಿ ಮುದ್ದೇಬಿಹಾಳದಲ್ಲಿ. ಅಲ್ಲಿ ವಿದ್ಯಾವತಿ ಎಂಬ ಹಿರಿಯ ಸಿಸ್ಟರ್ ಇದ್ದರು. ಪಾದ ಮುಟ್ಟಿ ನೋಡುವುದನ್ನು ಕಲಿಸಿದವರು ಅವರೇ. ಅಲ್ಲಿಂದ ಬಸವನ ಬಾಗೇವಾಡಿ, ಆಮೇಲೆ ಇಂಡಿ, ಕೊನೆಗೆ ಸಿಂದಗಿ. ಮೂವತ್ತಾರು ವರ್ಷ ಸರ್ಕಾರಿ ನೌಕರಿ. ಹೆರಿಗೆ, ಹಾವು ಕಡಿದದ್ದು, ಕಾಲರಾ, ಟ್ರ್ಯಾಕ್ಟರ್ ಮಗುಚಿದ್ದು, ಕೊನೆಗೆ ಕೊರೋನಾ, ಎಲ್ಲವನ್ನೂ ಕಂಡ ಕೈ. ಹಾಗೆಂದು ಹೊಸದನ್ನು ಕಂಡರೆ ಮುಖ ಸಿಂಡರಿಸುವವರಲ್ಲ. ವಿದ್ಯಾವತಿ ಸಿಸ್ಟರ್ ಕಾಲದಲ್ಲಿ ಹಾಸಿಗೆ ಹಿಡಿದವರ ಬೆನ್ನು ಕೆಂಪಾದರೆ ಸ್ಪಿರಿಟ್ ಹಚ್ಚಿ ತಿಕ್ಕುತ್ತಿದ್ದರು. ಹಾಗೆ ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಕೆಡುತ್ತದೆ ಎಂದು ಇಂಡಿಯ ಒಂದು ತರಬೇತಿಯಲ್ಲಿ ಹೇಳಿಕೊಟ್ಟರು. ಮೆಹರುನ್ನಿಸಾ ಮರುದಿನದಿಂದಲೇ ತಿಕ್ಕುವುದನ್ನು ಬಿಟ್ಟರು, ಉಳಿದವರಿಂದಲೂ ಬಿಡಿಸಿದರು.

ನಿವೃತ್ತಿಯಾಗಿ ಎರಡು ತಿಂಗಳಿಗೆ ಡಾಕ್ಟರ್ ಸಂಜೀವಕುಮಾರ ಮನೆಗೆ ಬಂದರು. ಸಿಂದಗಿಯಲ್ಲಿ ಸ್ವಂತ ಆಸ್ಪತ್ರೆ ಕಟ್ಟಿಸಿದ್ದರು. ಬಹಳ ವರ್ಷಗಳ ಹಿಂದೆ ಅವರು ಬಾಗೇವಾಡಿಯಲ್ಲಿ ಎಳೆಯ ವೈದ್ಯರಾಗಿದ್ದಾಗ ಮನಗೂಳಿ ಕಡೆಯಿಂದ ವಾಂತಿಭೇದಿಯಾದ ಕೂಸೊಂದನ್ನು ಯಾರೋ ತಂದಿದ್ದರು. ಕೂಸಿನ ಮೈಯಲ್ಲಿ ನೀರೇ ಉಳಿದಿರಲಿಲ್ಲ. ಮೂರು ಸಲ ಸೂಜಿ ಚುಚ್ಚಿದರೂ ಎಳೆಯ ಡಾಕ್ಟರಿಗೆ ನರ ಸಿಗಲಿಲ್ಲ. ಮೆಹರುನ್ನಿಸಾ ಸೂಜಿ ಕಸಿದುಕೊಳ್ಳಲಿಲ್ಲ. "ಮೊದಲ ನೀವು ಉಸಿರು ಬಿಡ್ರಿ ಡಾಕ್ಟರ" ಎಂದು ಕೂಸಿನ ಕಾಲು ಹಿಡಿದು ಕೊಟ್ಟರು. ನಾಲ್ಕನೆಯ ಸಲ ನರ ಸಿಕ್ಕಿತು. ಅದನ್ನು ಸಂಜೀವಕುಮಾರ ಮರೆತಿರಲಿಲ್ಲ.

"ನಲವತ್ತು ಹಾಸಿಗಿ ದವಾಖಾನಿ ಐತ್ರಿ ಸಿಸ್ಟರ್. ಹುಡುಗ್ಯಾರು ಎಲ್ಲಾ ಹೊಸಬರು. ನೀವು ಬಂದು ನಿಂತ್ರ ನನಗ ಧೈರ್ಯ."

ಮೆಹರುನ್ನಿಸಾ ಏನಾದರೂ ಹೇಳುವ ಮೊದಲೇ ಗಂಡ ಮಹಮ್ಮದಹನೀಫ ಬಾಯಿ ಹಾಕಿದರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. "ಕರ್ಕೊಂಡ ಹೋಗ್ರಿ ಸಾಹೇಬ್ರ. ಎರಡ ತಿಂಗಳಾತು, ದಿನಕ್ಕ ನಾಲ್ಕ ಸಲ ನನ್ನ ನಾಡಿ ನೋಡಾಕತ್ತಾಳ."

ಹಾಗೆ ಅವರು ಆ ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆಯಾದರು.

ಕಟ್ಟಡ ಚೆಂದವಿತ್ತು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಪ್ರತಿ ಕಾಟಿಗೂ ಆಮ್ಲಜನಕದ ಕೊಳವೆ, ಕರೆಗಂಟೆ. ಆದರೆ ಒಂದು ವಾರದಲ್ಲೇ ಮೆಹರುನ್ನಿಸಾಗೆ ವಿಚಿತ್ರವೊಂದು ಕಂಡಿತು. ನರ್ಸುಗಳ ಮುಖ ಯಾವಾಗಲೂ ಕೆಳಗೇ ಇರುತ್ತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಟ್ಯಾಬ್. ರೋಗಿ ದಾಖಲಾದ ಕೂಡಲೇ ಅದರಲ್ಲಿ ಹದಿನಾಲ್ಕು ಫಾರ್ಮು ತುಂಬಬೇಕು. ನೋವು ಎಷ್ಟು, ಬೀಳುವ ಸಂಭವ ಎಷ್ಟು, ಊಟ ಹೇಗೆ, ನಿದ್ದೆ ಹೇಗೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದ್ದಕ್ಕೆ ಒಂದು ಗುರುತು. ಹೊತ್ತಿಗೆ ಸರಿಯಾಗಿ ಗುರುತು ಬೀಳದಿದ್ದರೆ ಆ ಚೌಕ ಕೆಂಪಾಗುತ್ತಿತ್ತು, ತಡವಾಗಿ ಒತ್ತಿದರೂ ಹಸಿರಾಗುತ್ತಿತ್ತು. ಕೆಂಪಾಗಿಯೇ ಉಳಿದ ಚೌಕಗಳ ಪಟ್ಟಿ ಬೆಳಿಗ್ಗೆ ಫಿರದೋಸ ಎಂಬ ಅಧಿಕಾರಿಯ ಫೋನಿಗೆ ಹೋಗುತ್ತಿತ್ತು.

ಫಿರದೋಸ ಇಂಡಿಯ ಹುಡುಗಿ. ಆಸ್ಪತ್ರೆ ಆಡಳಿತವನ್ನು ಓದಿಕೊಂಡವಳು, ಇಪ್ಪತ್ತೇಳರ ವಯಸ್ಸು. ಆಸ್ಪತ್ರೆಗೆ ಗುಣಮಟ್ಟದ ಪ್ರಮಾಣಪತ್ರ ಕೊಡಿಸುವುದು ಅವಳ ಕೆಲಸ. ಎಲ್ಲರೂ ಅವಳನ್ನು ಕ್ವಾಲಿಟಿ ಮೇಡಂ ಎನ್ನುತ್ತಿದ್ದರು. ಅವಳು ನಾಲ್ಕು ಮಂದಿಯ ಎದುರು ಮೆಹರುನ್ನಿಸಾರನ್ನು ಸಿಸ್ಟರ್ ಎನ್ನುತ್ತಿದ್ದಳು. ಏನಾದರೂ ಕೆಲಸ ಆಗಬೇಕಾದಾಗ ಅಕ್ಕಾ ಎಂಬರ್ಥದ ಆಪಾ ಎನ್ನುತ್ತಿದ್ದಳು.

ಮೆಹರುನ್ನಿಸಾ ಟ್ಯಾಬಿಗೆ ಪಾಟಿ, ಅಂದರೆ ಸ್ಲೇಟು, ಎಂದೇ ಹೆಸರಿಟ್ಟರು. "ಆ ಪಾಟಿ ಕೆಳಗಿಡ್ರೀ, ಪೇಷಂಟ್ ಮಾತಾಡಾಕತ್ತಾನ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಅದೇ ಪಾಟಿ ಅವರ ಮಾನ ಉಳಿಸಿತು. ನ್ಯುಮೋನಿಯಾ ಆದ ಹೆಂಗಸೊಬ್ಬಳಿಗೆ ಡಾಕ್ಟರು ಬರೆದ ಇಂಜೆಕ್ಷನ್ ಅನ್ನು ಅವರು ಸಿರಿಂಜಿನಲ್ಲಿ ಎಳೆದುಕೊಂಡಿದ್ದರು. ಔಷಧಿ ಒಗ್ಗದಿರುವುದುಂಟೇ ಎಂದು ಕೇಳಿದ್ದರು, ಅವಳು ಇಲ್ಲವೆಂದಿದ್ದಳು. ಟ್ಯಾಬಿನಲ್ಲಿ ಔಷಧದ ಹೆಸರು ಒತ್ತಿದಾಗ ಪರದೆಯ ತುಂಬ ಎಚ್ಚರಿಕೆ ಮೂಡಿತು. ಎರಡು ತಿಂಗಳ ಹಿಂದೆ ಅವಳು ಇದೇ ಆಸ್ಪತ್ರೆಗೆ ಬಂದಿದ್ದಾಗ ಇದೇ ಜಾತಿಯ ಔಷಧಿಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತಂತೆ. ಮೆಹರುನ್ನಿಸಾ ಸಿರಿಂಜನ್ನು ಟ್ರೇಯಲ್ಲಿಟ್ಟು ಡಾಕ್ಟರಿಗೆ ಫೋನು ಮಾಡಿ ಬೇರೆ ಔಷಧಿ ಬರೆಸಿಕೊಂಡರು. ಆಮೇಲೆ ಹುಡುಗಿಯರನ್ನೆಲ್ಲ ಕರೆದು ಹೇಳಿದರು: "ನಾ ಇವತ್ತ ತಪ್ಪ ಮಾಡ್ತಿದ್ನಿ. ಪಾಟಿ ತಡೀತು. ಔಷಧಿ ವಿಷಯದಾಗ ಅದರ ಮಾತು ಯಾರೂ ಮೀರಬ್ಯಾಡ್ರಿ."

ಅವರ ತಕರಾರು ಯಂತ್ರದ ಮೇಲಿರಲಿಲ್ಲ. ಅದರಲ್ಲಿ ಬರೆಯುವುದಕ್ಕಾಗಿ ಮಾಡುವ ಕೆಲಸವೇ ನಿಂತುಹೋಗುತ್ತಿದೆ ಎಂಬುದರ ಮೇಲಿತ್ತು. ಅದು ಬಯಲಾಗಿದ್ದು ಒಂಬತ್ತನೆಯ ಕಾಟಿನಲ್ಲಿ.

ಆ ಕಾಟಿನಲ್ಲಿದ್ದವರು ಯಂಕಂಚಿಯ ಗುರುಲಿಂಗಪ್ಪ, ಎಪ್ಪತ್ತರ ಮೇಲಿನವರು. ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು, ಆದರೆ ಎದೆಯಲ್ಲಿ ಕಫ ಕಟ್ಟಿದ್ದರಿಂದ ಇನ್ನೂ ಎಬ್ಬಿಸಿ ಕೂರಿಸಿರಲಿಲ್ಲ. ಹೆಂಡತಿ ಸಿದ್ದಲಿಂಗವ್ವ ಕಾಟಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಇರುತ್ತಿದ್ದರು. ಆಪರೇಷನ್ ಆದ ಆರನೆಯ ಬೆಳಿಗ್ಗೆ ಮೆಹರುನ್ನಿಸಾ ಪಾದ ನೋಡಿದಾಗ ಎರಡೂ ಹಿಮ್ಮಡಿ ಕೆಂಪಗಿದ್ದವು. ಅವರು ಸಹಾಯಕಿಯನ್ನು ಕರೆದು ಯಜಮಾನರನ್ನು ಮೆಲ್ಲಗೆ ಮಗ್ಗಲಿಗೆ ಹೊರಳಿಸಿದರು. ಬಾಲದ ಎಲುಬಿನ ಮೇಲೆ ಅಂಗೈಯಗಲ ಚರ್ಮ ಕಂದಿ, ನಡುವೆ ಸುಲಿದು ತೇವಗಟ್ಟಿತ್ತು.

ಅವರು ಟ್ಯಾಬ್ ತೆಗೆದು ನೋಡಿದರು. ರಾತ್ರಿ ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಆರೂ ಚೌಕ ಹಸಿರು.

"ಸಿದ್ದಲಿಂಗವ್ವ, ರಾತ್ರಿ ಇವರನ್ನ ಎಷ್ಟ ಸಲ ಹೊಳ್ಳಿಸಿದ್ರು?"

ಸಿದ್ದಲಿಂಗವ್ವ ಯಾರ ಮೇಲೂ ದೂರು ಹೇಳುವವರಲ್ಲ. ಸೆರಗು ಸರಿಮಾಡಿಕೊಂಡರು. "ಪಾಪ, ಆ ಹುಡುಗಿ ನಿಂತ ಕಾಲ ಮ್ಯಾಲ ಇದ್ಲು ಬಾಯಾರ. ಹೊಳ್ಳಿಸೋದು ಇತ್ತೇನ್ರಿ? ನನಗ ಹೇಳಿದ್ರ ನಾನರ ಹೊಳ್ಳಿಸ್ತಿದ್ನಿ."

ರಾತ್ರಿ ಪಾಳಿಯಲ್ಲಿದ್ದವಳು ನಿಷತ. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಮನೆಗೆ ಹೊರಟು ಚೀಲ ಹೆಗಲಿಗೇರಿಸಿದ್ದವಳನ್ನು ಮೆಹರುನ್ನಿಸಾ ಔಷಧಿ ಕೋಣೆಗೆ ಕರೆದರು. ಅವರಿಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಬಾಗಿಲು ಮುಚ್ಚಿ, ಸಣ್ಣ ದನಿಯಲ್ಲಿ ಕೇಳಿದರು.

"ಒಂಬತ್ತನೇ ಕಾಟಿನ ಯಜಮಾನರನ್ನ ಹೊಳ್ಳಿಸಿಯೇನು?"

ನಿಷತ ನೆಲ ನೋಡಿದಳು. "ಇಲ್ರಿ ಅಕ್ಕಾರ."

"ಮತ್ತ ಟಿಕ್ ಯಾಕ ಹಾಕಿದಿ?"

"ಕೆಂಪ ಬಿದ್ರ ಮುಂಜಾನೆ ಫೋನ್ ಬರ್ತೈತ್ರಿ. ರಾತ್ರಿ ಇಪ್ಪತ್ತೆರಡು ಕಾಟು, ನಾನು ಮತ್ತ ಒಬ್ಬ ಆಯಾ. ಎರಡು ಸಿಸೇರಿಯನ್ ಕೇಸ್ ಬಂದು ಬಿದ್ದವು. ಇವರು ಎತ್ತರದ ಆಳು, ಒಬ್ಬಾಕಿ ಕಡಿಂದ ಹೊಳ್ಳಂಗಿಲ್ಲ. ಆರ ಗಂಟೆಕ್ಕ ಕುಂತು ಎಲ್ಲಾರ ಚೌಕಾನೂ ಒಮ್ಮಿಗೇ ಒತ್ತಿ ಬಿಟ್ನಿ." ಅವಳ ಕಣ್ಣಲ್ಲಿ ನೀರು ಬಂತು. "ಎಲ್ಲಾರೂ ಹಂಗೇ ಮಾಡ್ತಾರ್ರಿ ಅಕ್ಕಾರ."

ಮೆಹರುನ್ನಿಸಾರ ಸಿಟ್ಟು ಇಳಿಯಲಿಲ್ಲ, ಆದರೆ ಅದು ಬೇರೆ ಕಡೆ ತಿರುಗಿತು. "ಮಾಡಿದ್ದು ತಪ್ಪು. ಮಾಡಾಕ ಆಗದಿದ್ರ ಖಾಲಿ ಬಿಡು. ಖಾಲಿ ಇದ್ರ ಮುಂದಿನ ಪಾಳಿಯವರು ನೋಡಿ ಹೊಳ್ಳಿಸ್ತಾರ. ಹಸರ ಇದ್ರ ಯಾರೂ ಆ ಕಡೆ ಹಾಯಂಗಿಲ್ಲ. ಫೋನ್ ಬಂದ್ರ ನನ್ನ ಹೆಸರ ಹೇಳು. ಈಗ ಮನಿಗೆ ಹೋಗಿ ಊಟ ಮಾಡಿ ಮಲಗು."

ಅಂದೇ ಅವರು ಗುರುಲಿಂಗಪ್ಪನವರಿಗೆ ಗಾಳಿ ತುಂಬುವ ಗಾದಿ ಹಾಕಿಸಿದರು. ಸಿದ್ದಲಿಂಗವ್ವನಿಗೆ ಎರಡು ಕಾಲುಗಳ ನಡುವೆ ದಿಂಬಿಟ್ಟು, ಹಾಸಿದ ಬಟ್ಟೆ ಹಿಡಿದು ಹೊರಳಿಸುವುದನ್ನು ಕಲಿಸಿದರು. ಕಾಟಿನ ಬುಡಕ್ಕೆ ಒಂದು ಕಾಗದ ಅಂಟಿಸಿ, ಹೊರಳಿಸಿದ ಹೊತ್ತನ್ನು ಪೆನ್ನಿನಿಂದ ಅಲ್ಲಿಯೇ ಬರೆಯಬೇಕೆಂದರು.

ಪ್ರಮಾಣಪತ್ರದ ಪರೀಕ್ಷಕರು ಬರಲು ಎರಡು ವಾರ ಉಳಿದಿತ್ತು. ಫಿರದೋಸ ಒಂದು ದಿನ ತನ್ನ ಕೋಣೆಗೆ ಕರೆದಳು. ಮೇಜಿನ ಮೇಲೆ ಫೈಲುಗಳ ರಾಶಿ. ಟ್ಯಾಬ್ ಬರುವ ಮೊದಲಿನ ಮೂರು ತಿಂಗಳ ಕಾಗದದ ಪಟ್ಟಿಗಳು. ಅರ್ಧಕ್ಕರ್ಧ ಖಾಲಿ.

"ಆಪಾ, ಇವನ್ನ ತುಂಬಿಸಿಬಿಟ್ರ ಮುಗೀತು. ಹುಡುಗ್ಯಾರ ಕಡಿಂದ ಬೇರೆ ಬೇರೆ ಪೆನ್ನಿನ್ಯಾಗ ಬರೆಸ್ರಿ, ಒಂದ ದಿನಾ ಬರದಂಗ ಕಾಣಬಾರ್ದು. ಕೆಳಗ ನಿಮ್ಮ ಸಹಿ ಬೇಕು."

ಮೆಹರುನ್ನಿಸಾ ಒಂದು ಫೈಲು ತೆರೆದು ನೋಡಿದರು. "ಈ ಮನುಷ್ಯಾ ಎಲ್ಲಿ ಅದಾನ ಈಗ?"

"ಡಿಸ್ಚಾರ್ಜ್ ಆಗಿ ಹೋದ್ರಲ್ರಿ."

"ಅಂವ ಮನಿಗೆ ಹೋದಾಗ ನಾ ಈ ದವಾಖಾನಿಗೆ ಬಂದೇ ಇದ್ದಿಲ್ಲ. ಈಗ ನಾ ಅವನ್ನ ಹೊಳ್ಳಿಸೇನಿ ಅಂತ ಸಹಿ ಹಾಕ್ಲೇನು?"

"ಎಲ್ಲಾ ಕಡೆ ಹಿಂಗೇ ಮಾಡ್ತಾರ್ರಿ ಆಪಾ. ಇದು ಬರೇ ಕಾಗದ."

"ಬರೇ ಕಾಗದ ಅಲ್ಲ. ನನ್ನ ಸಹಿ ಇದ್ರ ಆ ಕೆಲಸ ಆಗೇತಿ ಅಂತ ಅರ್ಥ. ಮೂವತ್ತಾರ ವರ್ಷ ಆ ಅರ್ಥ ಕಾಯ್ಕೊಂಡ ಬಂದೇನಿ. ಖಾಲಿ ಇದ್ದದ್ದು ಖಾಲಿನೇ ಇರ್ಲಿ."

ಫೈಲು ಮುಚ್ಚಿ ಎದ್ದು ಬಂದರು. ವಾರ್ಡಿಗೆ ಬಂದು ಹನ್ನೆರಡು ಗಂಟೆಯ ಔಷಧಿಗಳನ್ನು ನೋಡಿಕೊಂಡರು.

ಸಂಜೆ ಸಂಜೀವಕುಮಾರ ಕರೆಸಿದರು. ಫಿರದೋಸ ಎಲ್ಲ ಹೇಳಿದ್ದಳು. ಅವರು ಬಹಳ ನಯವಾಗಿಯೇ ಮಾತಾಡಿದರು. ಈ ಪ್ರಮಾಣಪತ್ರ ಇಲ್ಲದಿದ್ದರೆ ವಿಮೆಯ ರೋಗಿಗಳು ವಿಜಯಪುರ, ಸೊಲ್ಲಾಪುರಗಳ ದಾರಿ ಹಿಡಿಯುತ್ತಾರೆ ಎಂದರು. ಎಷ್ಟು ಸಾಧ್ಯವೋ ಅಷ್ಟು ಹೊಂದಿಕೊಂಡು ಹೋಗಬೇಕೆಂದರು.

"ಡಾಕ್ಟರ, ನನಗ ಒಂದ ದಿನಾ ಕೊಡ್ರಿ" ಎಂದರು ಮೆಹರುನ್ನಿಸಾ. "ನಿಮಗ ಒಂದ ಲೆಕ್ಕಾ ತೋರಸ್ತೇನಿ."

ಮರುದಿನ ನಿಷತಳಿಗೆ ಬೆಳಗಿನ ಪಾಳಿಯಿತ್ತು. ಹನ್ನೊಂದು ರೋಗಿಗಳು ಅವಳ ಪಾಲಿಗೆ. ಮೆಹರುನ್ನಿಸಾ ಎದೆಗೆ ಸಿಕ್ಕಿಸಿದ ಗಡಿಯಾರ ನೋಡುತ್ತ ಆರು ತಾಸೂ ಅವಳ ಹಿಂದೆ ತಿರುಗಿದರು. ನಿಷತ ಮೊದಲು ಹೆದರಿದಳು, ಆಮೇಲೆ ಮರೆತು ತನ್ನ ಪಾಡಿಗೆ ಕೆಲಸ ಮಾಡಿದಳು. ಮಧ್ಯಾಹ್ನ ಎರಡಕ್ಕೆ ನೋಟಬುಕ್ಕಿನ ಲೆಕ್ಕ ಹೀಗಿತ್ತು. ಟ್ಯಾಬು ಮತ್ತು ಫೈಲಿನ ಮುಂದೆ ನೂರ ಐವತ್ತೆಂಟು ನಿಮಿಷ. ಪ್ರಯೋಗಾಲಯಕ್ಕೆ, ಔಷಧಿ ಅಂಗಡಿಗೆ ಫೋನು ಮತ್ತು ಓಡಾಟ ಅರವತ್ತೇಳು. ಚಾರ್ಜ್ ಇದ್ದ ಟ್ಯಾಬು, ರಕ್ತದೊತ್ತಡದ ಯಂತ್ರ ಹುಡುಕಿದ್ದು ಹತ್ತೊಂಬತ್ತು. ತಿಂಡಿಗೆ ಹನ್ನೊಂದು. ರೋಗಿಗಳ ಹತ್ತಿರ ನೂರ ಐದು. ಅಂದರೆ ತಲೆಗೆ ಹತ್ತು ನಿಮಿಷವೂ ಬರಲಿಲ್ಲ.

ಸಂಜೀವಕುಮಾರ ಆ ಪುಟವನ್ನು ಎರಡು ಸಲ ಓದಿದರು. ನೋಟಬುಕ್ಕನ್ನು ಡ್ರಾದಲ್ಲಿ ಹಾಕಿದರು. "ಪರೀಕ್ಷೆ ಮುಗೀಲ್ರಿ ಸಿಸ್ಟರ್, ಆಮ್ಯಾಲ ನೋಡೋಣು."

ಆ ರಾತ್ರಿ ಊಟಕ್ಕೆ ಕುಳಿತಾಗ ಮಹಮ್ಮದಹನೀಫ ಕೇಳಿದರು, "ಕೆಲಸ ಬಿಡು ಅಂದ್ರ?"

"ಅಂದ್ರ ಬಿಡೂದು. ನನ್ನ ಕೈಯಾಗಿನ ಕೆಲಸ ಅವರು ಕೊಟ್ಟದ್ದಲ್ಲಲ್ಲ." ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದರು.

ಪರೀಕ್ಷಕರು ಬೆಳಗಾವಿ ಕಡೆಯಿಂದ ಇಬ್ಬರು ಬಂದರು. ಒಬ್ಬ ಯುವಕ, ಒಬ್ಬ ಹಿರಿಯ ವೈದ್ಯೆ. ವೈದ್ಯೆ ನಗುವವರಲ್ಲ. ಬೆಂಕಿ ಆರಿಸುವ ಸಿಲಿಂಡರಿನ ತಾರೀಖಿನಿಂದ ಹಿಡಿದು ಅಡುಗೆಮನೆಯ ನೀರಿನವರೆಗೆ ನೋಡಿಕೊಂಡು ವಾರ್ಡಿಗೆ ಬಂದರು. ನೇರವಾಗಿ ಒಂಬತ್ತನೆಯ ಕಾಟಿನ ಹತ್ತಿರ ನಿಂತರು. ಗಾಳಿಯ ಗಾದಿ ಕಣ್ಣಿಗೆ ಬಿದ್ದಿತ್ತು.

"ಬೆನ್ನಿಗೆ ಹುಣ್ಣಾಗಿದೆಯೇ?"

"ಹೌದ್ರಿ" ಎಂದರು ಮೆಹರುನ್ನಿಸಾ. "ಇಲ್ಲೇ ಆದದ್ದು. ಈಗ ಮಾಯಾಕತ್ತೇತಿ."

ಫಿರದೋಸ ಹಿಂದಿನಿಂದ ಅವರ ಕೋಟಿನ ತುದಿ ಹಿಡಿದೆಳೆದಳು. ವೈದ್ಯೆ ಹಳೆಯ ಪಟ್ಟಿಗಳನ್ನು ಕೇಳಿದರು. ಮೆಹರುನ್ನಿಸಾ ಫೈಲು ತಂದು ಕೊಟ್ಟರು. ವೈದ್ಯೆ ಹಾಳೆ ಮಗುಚುತ್ತ ಹೋದರು.

"ಇಷ್ಟೊಂದು ಕಡೆ ಖಾಲಿ ಇದೆಯಲ್ಲ. ಬರೆಯುವುದು ಮರೆತಿರೇನು?"

"ಮರತಿಲ್ರಿ, ಹುಡುಗ್ಯಾರನ್ನ ಕೇಳೇನಿ. ಆ ಹೊತ್ತಿನ್ಯಾಗ ಹೊಳ್ಳಿಸೋದು ಆಗಿಲ್ಲ, ಅದಕ್ಕ ಬರದಿಲ್ಲ. ಟ್ಯಾಬಿನ್ಯಾಗ ಹಸರ ಕಾಣತಾವಲ್ಲ, ಅದರಾಗ ಎಲ್ಲಾ ಖರೇ ಅಂತ ತಿಳೀಬ್ಯಾಡ್ರಿ. ರಾತ್ರಿ ಇಪ್ಪತ್ತೆರಡ ಕಾಟಿಗೆ ಒಬ್ಬ ನರ್ಸ್ ಅದಾಳ. ಈ ಹದಿನೈದು ದಿನದ್ದು ಕಾಟಿನ ಬುಡಕ್ಕ ಐತಿ, ಅದನ್ನ ನಂಬ್ರಿ. ಅದರಾಗೂ ಎರಡು ಖಾಲಿ ಅದಾವು."

ವೈದ್ಯೆ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ತಮ್ಮ ಪುಸ್ತಕದಲ್ಲಿ ಬಹಳ ಹೊತ್ತು ಬರೆದರು. ಸಂಜೆ ಅವರು ಕೊಟ್ಟ ವರದಿಯಲ್ಲಿ ನರ್ಸುಗಳ ಸಂಖ್ಯೆ ಕಡಿಮೆ ಇದೆ, ದಾಖಲೆ ನಂಬುವಂತಿಲ್ಲ, ಮೂರು ತಿಂಗಳಲ್ಲಿ ಸರಿಪಡಿಸಿಕೊಂಡು ಮತ್ತೆ ಕರೆಯಿರಿ ಎಂದಿತ್ತು.

ನಾಲ್ಕು ದಿನ ಸಂಜೀವಕುಮಾರ ಮೆಹರುನ್ನಿಸಾರೊಂದಿಗೆ ಮಾತಾಡಲಿಲ್ಲ. ವಾರ್ಡಿಗೆ ಬಂದರೆ ರೋಗಿಯನ್ನು ನೋಡಿ, ಹುಡುಗಿಯರಿಗೆ ಹೇಳಿ ಹೊರಟುಬಿಡುತ್ತಿದ್ದರು. ಮೆಹರುನ್ನಿಸಾಗೆ ನೋವಾಗಲಿಲ್ಲ ಎನ್ನುವಂತಿಲ್ಲ. ಬಾಗೇವಾಡಿಯಲ್ಲಿ ತಮ್ಮ ಪಕ್ಕದಲ್ಲೇ ನಿಂತು ಕೆಲಸ ಕಲಿತವರು ಅವರು. ಆದರೆ ಮನಸ್ಸಿನಲ್ಲಿ ಅಳುಕು ಇರಲಿಲ್ಲ. ಅವರು ಎಂದಿನ ಹಾಗೆ ಏಳೂವರೆಗೆ ಬಂದರು, ಎರಡರ ಮೇಲೆ ಹೋದರು.

ಫಿರದೋಸ ಮಾತ್ರ ಕೋಣೆಯಿಂದ ಹೊರಗೇ ಬರಲಿಲ್ಲ. ಮೂರನೆಯ ದಿನ ಮೆಹರುನ್ನಿಸಾ ಎರಡು ಕಪ್ ಚಹಾ ಹಿಡಿದು ತಾವೇ ಹೋದರು. ಹುಡುಗಿಯ ಕಣ್ಣು ಊದಿದ್ದವು.

"ನನ್ನ ಹೆಸರು ಕೆಟ್ಟಿತ್ರಿ ಆಪಾ. ಇದು ನನ್ನ ಮೊದಲನೇ ಕೆಲಸ."

"ನಿನ್ನ ಹೆಸರು ಕೆಟ್ಟಿಲ್ಲ. ನೀ ಹುಷಾರ ಹುಡುಗಿ. ಆದ್ರ ನೀ ಈ ಕುರ್ಚಿ ಬಿಟ್ಟು ಎದ್ದಿಲ್ಲ. ನಾಳೆ ಒಂದ ಪಾಳಿ ನನ್ನ ಜೋಡಿ ವಾರ್ಡಿನ್ಯಾಗ ನಿಲ್ಲು. ಏನೂ ಮಾಡಬ್ಯಾಡ, ನೋಡು ಸಾಕು."

ಫಿರದೋಸ ನಿಂತಳು. ಒಂದು ಪಾಳಿಯಲ್ಲ, ಮೂರು. ಮೊದಲ ದಿನ ಹನ್ನೊಂದರ ಹೊತ್ತಿಗೆ ಕಾಲು ನೋಯುತ್ತಿದೆ ಎಂದು ಸ್ಟೂಲ್ ಹುಡುಕಿದಳು. ಎರಡನೆಯ ದಿನ ಅವಳೇ ಒಂದು ವಿಷಯ ಕಂಡುಹಿಡಿದಳು. ರೋಗಿಯ ರಕ್ತದೊತ್ತಡವನ್ನು ನರ್ಸು ಒಂದು ಸಲ ನೋಡಿ ಐದು ಫಾರ್ಮಿನಲ್ಲಿ ಬರೆಯುತ್ತಿದ್ದಳು. ಒಂದೇ ಅಂಕಿ, ಐದು ಕಡೆ. ಅದನ್ನು ಮೆಹರುನ್ನಿಸಾ ಇಷ್ಟು ದಿನದಲ್ಲಿ ಗಮನಿಸಿರಲಿಲ್ಲ. ಟ್ಯಾಬಿನ ಒಳಗನ್ನು ಬಲ್ಲವರಿಗಷ್ಟೇ ಕಾಣುವ ದೋಷ ಅದು. ಫಿರದೋಸ ಕುಳಿತು ಹದಿನಾಲ್ಕು ಫಾರ್ಮುಗಳನ್ನು ಕೂಡಿಸಿ ಕಳೆದು ಐದಕ್ಕೆ ಇಳಿಸಿದಳು. ಕೆಂಪು ಚೌಕದ ಪಟ್ಟಿ ತನ್ನ ಫೋನಿಗೆ ಬರುವುದನ್ನು ನಿಲ್ಲಿಸಿ, ವಾರ್ಡಿನ ಗೋಡೆಯ ಪರದೆಗೆ ಹೋಗುವಂತೆ ಮಾಡಿದಳು. ಈಗ ಕೆಂಪು ಕಂಡರೆ ಯಾರಿಗೂ ಬೈಗುಳವಿಲ್ಲ, ಆ ಕಾಟಿನ ಹತ್ತಿರ ಯಾರಾದರೂ ಹೋಗಬೇಕು ಅಷ್ಟೇ.

ವರದಿ ಬಂದ ಐದನೆಯ ದಿನ ಸಂಜೀವಕುಮಾರ ಔಷಧಿ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಸಿಸ್ಟರ್, ನೀವು ನನಗ ಮೊದಲೇ ಹೇಳಬೇಕಿತ್ತು."

"ಹೇಳೇನ್ರಿ. ನೋಟಬುಕ್ಕು ನಿಮ್ಮ ಡ್ರಾದಾಗ ಐತಿ."

ಸಂಜೀವಕುಮಾರ ಒಳಗೆ ಬಂದರು. "ರಾತ್ರಿಗೆ ಇನ್ನಿಬ್ಬರು ನರ್ಸ್ ತಗೋಳಾಕ ಹೇಳೇನಿ. ಇಜಾಜನ್ನೂ ರಾತ್ರಿಗೆ ಹಾಕೋಣು, ಹೊಳ್ಳಿಸಾಕ ಗಂಡಾಳು ಬೇಕಲ್ಲ" ಎಂದರು. ಇಜಾಜ ಆಪರೇಷನ್ ಕೋಣೆಯ ಸಹಾಯಕ, ಗಟ್ಟಿ ಆಳು.

"ಛಲೋ ಆತ್ರಿ. ಆಯ್ಕೆಗೆ ನಾನೂ ಕುಂದರ್ತೇನಿ" ಎಂದರು ಮೆಹರುನ್ನಿಸಾ.

ಗುರುಲಿಂಗಪ್ಪನವರ ಹುಣ್ಣು ಅಂಚಿನಿಂದ ಮಾಯುತ್ತ ಬಂತು. ಅವರು ವಾಕರ್ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದ ದಿನ ಮನೆಗೆ ಕಳಿಸಿದರು. ಉಳಿದ ಡ್ರೆಸಿಂಗ್ ಮಾಡುವುದನ್ನು ಸಿದ್ದಲಿಂಗವ್ವ ಕಲಿತಿದ್ದರು. ಹದಿನೈದು ದಿನಕ್ಕೆ ಮೆಹರುನ್ನಿಸಾ ಗಂಡನ ಸ್ಕೂಟರಿನಲ್ಲಿ ಯಂಕಂಚಿಗೆ ಹೋಗಿ ನೋಡಿ ಬಂದರು. ಹೊಸ ಚರ್ಮ ಬಂದಿತ್ತು. ಗುರುಲಿಂಗಪ್ಪ ಕಟ್ಟೆಯ ಮೇಲೆ ಕುಳಿತು, ಹೆಂಡತಿ ಎರಡು ತಾಸಿಗೊಮ್ಮೆ ಬಂದು ಏಳಿಸಿ ಹಿಂಸೆ ಕೊಡುತ್ತಾಳೆಂದು ದೂರು ಹೇಳಿದರು. "ಕೊಡ್ಲಿ ಬಿಡ್ರಿ ಯಜಮಾನರ" ಎಂದರು ಮೆಹರುನ್ನಿಸಾ.

ಮೂರು ತಿಂಗಳ ಮೇಲೆ ಅದೇ ಪರೀಕ್ಷಕರು ಬಂದು ಹೋದರು. ಪ್ರಮಾಣಪತ್ರ ಬಂತು, ಎರಡು ಸೂಚನೆಗಳ ಸಮೇತ. ಫಿರದೋಸ ಅದಕ್ಕೆ ಕಟ್ಟು ಹಾಕಿಸಿ ಬಾಗಿಲ ಬಳಿ ತೂಗುಹಾಕಿದಳು. ಸೂಚನೆಗಳ ಹಾಳೆಯನ್ನು ವಾರ್ಡಿನ ಗೋಡೆಗೆ ಅಂಟಿಸಿದಳು, ಅದು ಅವಳದೇ ಯೋಚನೆ. ಎಲ್ಲವೂ ನೆಟ್ಟಗಾಯಿತೆಂದಲ್ಲ. ಹೊಸದಾಗಿ ಬಂದ ಇಬ್ಬರಲ್ಲಿ ಒಬ್ಬಳು ತಿಂಗಳೊಳಗೆ ಬಿಟ್ಟು ಹೋದಳು. ಅವಳ ಜಾಗ ತುಂಬುವವರೆಗೆ ಮೆಹರುನ್ನಿಸಾ ವಾರಕ್ಕೆರಡು ಸಲ ಸಂಜೆ ಪಾಳಿಗೂ ನಿಂತರು. ಮೊಣಕಾಲು ಹಿಡಿದುಕೊಂಡವು.

ಈ ಸುದ್ದಿ ಡಾಕ್ಟರುಗಳ ಬಾಯಿಂದ ಬಾಯಿಗೆ ಹೋಗಿ ಬಸವನ ಬಾಗೇವಾಡಿಯ ನರ್ಸಿಂಗ್ ಶಾಲೆಯೊಂದನ್ನು ಮುಟ್ಟಿತು. ತಿಂಗಳಿಗೆ ಎರಡು ಶನಿವಾರ ಬಂದು ಹುಡುಗಿಯರಿಗೆ ಪಾಠ ಮಾಡಬೇಕೆಂದು ಕೇಳಿದರು. ಮೆಹರುನ್ನಿಸಾ ಒಪ್ಪಿಕೊಂಡರು. ಮೊದಲ ಶನಿವಾರ ಹೋದಾಗ ಹನ್ನೊಂದು ಹುಡುಗಿಯರು ನೋಟಬುಕ್ಕು ತೆರೆದು, ಪೆನ್ನಿನ ಟೊಪ್ಪಿಗೆ ತೆಗೆದು ಕುಳಿತಿದ್ದರು.

"ಬರಿಯೋದು ಆಮ್ಯಾಲ" ಎಂದರು. "ಮೊದಲ ಎಲ್ಲಾರೂ ಆ ಪ್ರಾಕ್ಟಿಕಲ್ ಕೋಣಿಗೆ ನಡೀರಿ. ಕಾಟು ಸಾಲದಿದ್ರ ನೆಲದ ಮ್ಯಾಲ ಹಾಸ್ಕೊಳ್ರಿ. ಅಂಗಾತ ಮಲಗ್ರಿ. ಒಂದ ತಾಸು ಯಾರೂ ಅಳ್ಳಾಡಬಾರ್ದು. ಕೈ ಎತ್ತಬಾರ್ದು, ಕಾಲ ಮಡಚಬಾರ್ದು."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತ ಹೋಗಿ ಮಲಗಿದರು. ಐದು ನಿಮಿಷ ಪಿಸುಮಾತು ನಡೆಯಿತು. ಹತ್ತು ನಿಮಿಷಕ್ಕೆ ಅದು ನಿಂತಿತು. ಹದಿನೈದಕ್ಕೆ ಒಬ್ಬಳು ಹಿಮ್ಮಡಿಯನ್ನು ಗುಟ್ಟಾಗಿ ಸರಿಸಿದಳು. ಮೆಹರುನ್ನಿಸಾ ಕಂಡೂ ಕಾಣದವರಂತೆ ಕಿಟಕಿ ತೆರೆದರು.

ಕೊನೆಯ ಕಾಟಿನ ಹುಡುಗಿ ಇಪ್ಪತ್ತೈದನೆಯ ನಿಮಿಷಕ್ಕೆ ಬಾಯಿ ಬಿಟ್ಟಳು. "ಅಕ್ಕಾರ, ಬೆನ್ನ ಕೆಳಗ ಭಾಳ ಉರಿಯಾಕತ್ತೈತ್ರಿ."

"ಗೊತ್ತೈತಿ" ಎಂದರು ಮೆಹರುನ್ನಿಸಾ. ಎದೆಯ ಮೇಲಿನ ಗಡಿಯಾರ ನೋಡಿಕೊಂಡರು. "ಇನ್ನ ಮೂವತ್ತೈದ ನಿಮಿಷ ಐತಿ." ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕುಳಿತರು.